ವಿದೇಶ ವ್ಯಾಸಂಗದ ನೆರವು ಮತ್ತು ನಾಗರಿಕ ನಾಯಕತ್ವ: ಕಲ್ಯಾಣ ಕರ್ನಾಟಕದ ದೃಷ್ಟಿಯಿಂದ

ಸಂವಿಧಾನದ 98ನೇ ತಿದ್ದುಪಡಿಯಿಂದ ಸೇರ್ಪಡೆಯಾದ 371(ಜೆ) ವಿಧಿಯು ಕಲಬುರಗಿ ನಗರ ಹಾಗೂ ಕಮಲಾಪುರ ತಾಲ್ಲೂಕು ಸೇರಿದಂತೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ರಾಜ್ಯದ ಶಿಕ್ಷಣ ಸಂಸ್ಥೆಗಳಲ್ಲಿ ಮೀಸಲಾತಿ ಒದಗಿಸುತ್ತದೆಯಾದರೂ, ಅದರ ವ್ಯಾಪ್ತಿ ವಿದೇಶದ ವಿಶ್ವವಿದ್ಯಾಲಯಗಳಿಗೆ ಹಬ್ಬುವುದಿಲ್ಲವಾದ್ದರಿಂದ, ಹೊರದೇಶದಲ್ಲಿ ಓದಬಯಸುವವರು ಬೇರೆ ಯೋಜನೆಗಳನ್ನೇ ಅವಲಂಬಿಸಬೇಕಾಗುತ್ತದೆ.

ಇವುಗಳಲ್ಲಿ ಪ್ರಮುಖವಾದುದು ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿ, ವಿಮುಕ್ತ ಮತ್ತು ಅಲೆಮಾರಿ ಬುಡಕಟ್ಟು, ಭೂರಹಿತ ಕೃಷಿ ಕಾರ್ಮಿಕ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಅಭ್ಯರ್ಥಿಗಳಿಗೆ ಸ್ನಾತಕೋತ್ತರ ಪದವಿ ಮತ್ತು ಪಿಎಚ್.ಡಿ. ಅಧ್ಯಯನಕ್ಕೆಂದು ಮೀಸಲಾದ ಇದರಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ ರೂಪಾಯಿ. 2022ರ ಪರಿಷ್ಕೃತ ಮಾರ್ಗಸೂಚಿಯು ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತ ಕುರಿತ ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಟ್ಟಿತು. ತಮ್ಮ ಸಮುದಾಯದ ಸ್ಥಿತಿಯನ್ನೇ ಸಂಶೋಧಿಸಬಯಸುವವರಿಗೆ ಇದು ನಿಜಕ್ಕೂ ದೊಡ್ಡ ನಷ್ಟ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯೂ ಪರಿಶಿಷ್ಟ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ನೆರವಾಗುತ್ತದೆ.

ನಾಗರಿಕ ನಾಯಕತ್ವ, ಅಂದರೆ ಸಾರ್ವಜನಿಕ ಹಿತಕ್ಕಾಗಿ ಜನರನ್ನು ಸಂಘಟಿಸಿ ಮುನ್ನಡೆಸುವ ಸಾಮರ್ಥ್ಯವನ್ನು ಆಯ್ಕೆಯ ಮಾನದಂಡವಾಗಿಸಿಕೊಂಡವು ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ (1983ರಲ್ಲಿ ಆರಂಭ) ಮತ್ತು 1950ರ ಭಾರತ–ಅಮೆರಿಕ ಒಪ್ಪಂದದಿಂದ ಬೆಳೆದ ಫುಲ್‌ಬ್ರೈಟ್–ನೆಹರೂ ಸ್ನಾತಕೋತ್ತರ ಫೆಲೋಶಿಪ್. ಚೀವ್ನಿಂಗ್ ಪಡೆದವರು ವ್ಯಾಸಂಗದ ಬಳಿಕ ಕನಿಷ್ಠ 2 ವರ್ಷ ಸ್ವದೇಶದಲ್ಲಿರಬೇಕೆಂಬ ಷರತ್ತಿದೆ.

ಇಂಥ ನೆರವಿನ ಶ್ರೇಷ್ಠ ನಿದರ್ಶನ ಡಾ. ಬಿ.ಆರ್. ಅಂಬೇಡ್ಕರ್: ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.