ಮೊದಲು ಓಡಲಿ, ಆಮೇಲೆ ಹೊಳೆಯಲಿ

ಅಳಿಯಾ, ನಿಮ್ಮಪ್ಪನ ಯೆಜ್ಡಿ ಬೈಕನ್ನು ಹಿತ್ತಲ ಶೆಡ್ಡಿನಿಂದ ಹೊರಗೆಳೆದು ಮನೆಯಲ್ಲೇ ಸರಿಮಾಡಲು ಹೊರಟಿದ್ದೀಯ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ತುಂಬಾ ಸಂತೋಷವಾಯಿತು. ಟ್ಯಾಂಕಿಗೆ ಮರೂನ್ ಹೊಡೆಸುವುದೋ ಕಪ್ಪೋ ಎಂದು ಆಗಲೇ ಯೋಚನೆ ನಡೆದಿದೆಯಂತೆ. ಆ ಯೋಚನೆಯನ್ನು ಸದ್ಯಕ್ಕೆ ಬದಿಗಿಡು. ಬಣ್ಣ ಕೊನೆಯ ಕೆಲಸ. ಗಾಡಿ ಮೊದಲು ಓಡಬೇಕು.

ಇಷ್ಟು ವರ್ಷ ಗ್ಯಾರೇಜು ನಡೆಸಿ ನಾನು ಕಂಡದ್ದು ಇದು: ತುಕ್ಕು ಹಿಡಿದು ಹಾಳಾದ ಗಾಡಿಗಳಿಗಿಂತ ಬಿಚ್ಚಿಟ್ಟು ಹಾಳಾದವೇ ಹೆಚ್ಚು. ಒಂದು ಭಾನುವಾರದ ಹುಮ್ಮಸ್ಸಿನಲ್ಲಿ ನಟ್ಟು ಬೋಲ್ಟೆಲ್ಲ ಕಳಚುತ್ತಾರೆ. ಫ್ರೇಮು ಪೌಡರ್ ಕೋಟಿಂಗಿಗೆ ಹೋಗುತ್ತದೆ, ಮಿಕ್ಕಿದ್ದು ಚೀಲದಲ್ಲಿ ಅಟ್ಟ ಸೇರುತ್ತದೆ. ಅಷ್ಟರಲ್ಲಿ ಒಂದು ಮದುವೆ ಬರುತ್ತದೆ, ಇಲ್ಲವೇ ವರ್ಗಾವಣೆ. ಮತ್ತೆ ಆ ಚೀಲ ಬಿಚ್ಚುವ ಹೊತ್ತಿಗೆ ಯಾವ ಬುಷ್ ಎಲ್ಲಿಯದು, ಯಾವ ವಾಷರ್ ಯಾವುದರ ಹಿಂದಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ. ಕೊನೆಗೆ ಕೆ.ಜಿ. ಲೆಕ್ಕದಲ್ಲಿ ಗುಜರಿಗೆ. ನಿನ್ನ ಗಾಡಿಗೆ ಹಾಗಾಗಬಾರದು.

ಸ್ಪ್ಯಾನರ್ ಹಿಡಿಯುವ ಮೊದಲು ಭಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳು: ಗಾಡಿಯನ್ನು ಯಾಕೆ ನಿಲ್ಲಿಸಿದಿರಿ? ಯಾರೂ ಚೆನ್ನಾಗಿ ಓಡುವ ಗಾಡಿಯನ್ನು ಸುಮ್ಮನೆ ಶೆಡ್ಡಿಗೆ ತಳ್ಳುವುದಿಲ್ಲ. ಎಳೆತ ಕಡಿಮೆಯಾಗಿತ್ತೆ? ಹೊಗೆ ಬರುತ್ತಿತ್ತೆ? ಕಾದ ಮೇಲೆ ನಿಂತುಹೋಗುತ್ತಿತ್ತೆ? ಅವರ ಉತ್ತರದಲ್ಲೇ ನಿನ್ನ ಅರ್ಧ ಕೆಲಸ ಇದೆ.

ಆಮೇಲೆ ಪ್ಲಗ್ ಬಿಚ್ಚಿ ಆ ತೂತಿನಿಂದ ಸ್ವಲ್ಪ 2ಟಿ ಆಯಿಲ್ ಬಿಡು. ಒಂದು ರಾತ್ರಿ ಹಾಗೇ ಇರಲಿ. ಈ ಗಾಡಿಯಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ, ಎಡಗಡೆಯದು. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್ ಆಗುತ್ತದೆ. ಮರುದಿನ ಅದನ್ನು ಕೈಯಲ್ಲೇ ನಿಧಾನವಾಗಿ ಒತ್ತಿ ನೋಡು. ತಿರುಗಲಿಲ್ಲ ಎಂದರೆ ಮೇಲೆ ಹತ್ತಿ ತುಳಿಯಬೇಡ. ರಿಂಗು ಬೋರಿಗೆ ಅಂಟಿಕೊಂಡಿರುತ್ತದೆ. ಇನ್ನಷ್ಟು ಎಣ್ಣೆ ಬಿಟ್ಟು ಇನ್ನೊಂದಷ್ಟು ದಿನ ಕಾಯಿ. ತಿರುಗಿದರೆ ಇಗ್ನಿಷನ್ ಪಾಯಿಂಟ್ ಉಜ್ಜಿ 0.4 ಮಿ.ಮೀ. ಗ್ಯಾಪ್ ಇಡು. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 3 ಮಿ.ಮೀ. ಆಸುಪಾಸು ಇರುವಾಗ ಪಾಯಿಂಟ್ ತೆರೆಯಬೇಕು. ಕಾರ್ಬುರೇಟರ್ ತೊಳೆದು, ಬಾಟಲಿಯಿಂದ ಸ್ವಲ್ಪ ಹೊಸ ಪೆಟ್ರೋಲು ಮತ್ತು ಎಣ್ಣೆಯ ಮಿಶ್ರಣ ಕೊಟ್ಟು ಕಿಕ್ ಹೊಡಿ. ಸ್ಟಾರ್ಟ್ ಆದ ಎಂಜಿನ್ನು ತನ್ನ ಕಾಯಿಲೆ ತಾನೇ ಹೇಳುತ್ತದೆ. ಬಿಚ್ಚಿಟ್ಟ ಎಂಜಿನ್ನು ಏನನ್ನೂ ಹೇಳುವುದಿಲ್ಲ.

ಯೆಜ್ಡಿ ಹೇಳುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಕ್ರ್ಯಾಂಕಿನ ಆಯಿಲ್ ಸೀಲಿನದು. ಇದನ್ನು ಸರಿಯಾಗಿ ತಿಳಿದುಕೋ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೆ ಹೋಗುತ್ತದೆ. ಆ ಕೋಣೆಯ ಎರಡು ಬದಿಯನ್ನೂ ರಬ್ಬರ್ ಸೀಲುಗಳು ಕಾಯುತ್ತವೆ. ಗಾಡಿ ವರ್ಷಗಟ್ಟಲೆ ನಿಂತರೆ ಸೀಲು ಗಟ್ಟಿಯಾಗಿ ಬಿರಿಯುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಸೈಲೆನ್ಸರಿನಿಂದ ದಟ್ಟ ಹೊಗೆ ಬಿಡುತ್ತದೆ. ಅದು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಭಯವಿಲ್ಲ. ಭಯಪಡಬೇಕಾದದ್ದು ಡೈನಮೋ ಕಡೆಯದಕ್ಕೆ. ಅಲ್ಲಿಂದ ಬರೀ ಗಾಳಿ ನುಗ್ಗುತ್ತದೆ. ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತದೆ, ಅದರ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್ನು ಹುಚ್ಚೆದ್ದು ರೇಸ್ ಆಗುತ್ತದೆ. ಹುಡುಗರು ಗಾಡಿ ಚುರುಕಾಯಿತು ಎಂದು ಖುಷಿಪಡುತ್ತಾರೆ. ಸ್ವಲ್ಪ ದೂರದಲ್ಲೇ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಲಾಕ್ ಆಗುತ್ತದೆ. ಲಾರಿಯ ಮುಂದೆ ಹೀಗಾದರೆ ಏನು ಗತಿ ಎಂದು ಯೋಚಿಸು. ಆದ್ದರಿಂದ ಎಂಜಿನ್ ಬಿಚ್ಚುವ ದಿನ ಬಂದಾಗ ಎರಡೂ ಸೀಲು ಹೊಸದಾಗಿ ಹಾಕು, ಹಳೆಯದು ನೋಡಲು ಎಷ್ಟೇ ಚೆನ್ನಾಗಿರಲಿ.

ಬದಲಿಸಲೇಬೇಕೆಂದು ನಾನು ಹಟ ಹಿಡಿಯುವುದು ಸೀಲು, ಬ್ರೇಕ್ ಶೂ, ಟೈರು, ಪೆಟ್ರೋಲ್ ಪೈಪು, ವೈರಿಂಗಿಗೆ ಮಾತ್ರ. ಉಳಿದ ಯಾವುದನ್ನೂ ಎಸೆಯುವ ಮೊದಲು ಉಳಿಸಿಕೊಳ್ಳಲಾಗುತ್ತದೆಯೇ ನೋಡು. ಇವತ್ತು ಬರುವ ಡೂಪ್ಲಿಕೇಟ್ ಮಡ್‌ಗಾರ್ಡಿನ ತಗಡು ತೆಳ್ಳಗಿರುತ್ತದೆ, ಬೋಲ್ಟಿನ ತೂತು ಸರಿಯಾಗಿ ಕೂಡುವುದಿಲ್ಲ. ನಿನ್ನ ಗಾಡಿಯ ಮೇಲಿರುವುದು ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಮಾಡಿದ್ದು. ಇರಾನಿಯವರ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಚೆಕ್ ದೇಶದ ಜಾವಾ ಗಾಡಿಯನ್ನು ಮೈಸೂರಿನಲ್ಲಿ ತಯಾರಿಸಲು ಶುರುಮಾಡಿತು, ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿಯಾಯಿತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ಕಾರ್ಖಾನೆಯಿಂದ ಇನ್ನೊಂದು ಮಡ್‌ಗಾರ್ಡು ಬರುವುದಿಲ್ಲ. ಡೊಂಕಾದರೆ ಒಳ್ಳೆಯ ಟಿಂಕರ್ ಹತ್ತಿರ ಹೊಡೆಸು. ದುಡ್ಡು ಹೊಸದಕ್ಕಿಂತ ಹೆಚ್ಚೇ ಆದರೂ ಅದು ದಂಡವಲ್ಲ. ಸಿಗದ ಸಾಮಾನಿಗೆ ಬೆಂಗಳೂರಿಗೆ ಬಾ, ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ಒಟ್ಟಿಗೆ ಹುಡುಕೋಣ. ಬರುವಾಗ ಹಳೆಯ ಪಾರ್ಟು ಕೈಯಲ್ಲಿರಲಿ, ಫೋಟೋ ತೋರಿಸಿದರೆ ಅಳತೆ ಗೊತ್ತಾಗುವುದಿಲ್ಲ.

ಪೆಟ್ರೋಲಿನ ವಿಷಯಕ್ಕೂ ಗಮನ ಕೊಡು. ನಿಮ್ಮಪ್ಪ ಓಡಿಸುತ್ತಿದ್ದಾಗ ಬಂಕಿನಲ್ಲಿ ಸಿಗುತ್ತಿದ್ದ ಪೆಟ್ರೋಲು ಈಗಿಲ್ಲ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಪೈಪನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸು, ಕಾಕ್ ಒಳಗಿನ ಸೀಲು ನೋಡು. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿಡು.

ಮನೆಯೆಂದರೆ ಅಕ್ಕನ ಅಡುಗೆಮನೆಯೂ ಅಲ್ಲೇ ಇದೆ, ನಿನ್ನ ಪುಟ್ಟ ಮಗಳೂ ಅಲ್ಲೇ ಓಡಾಡುತ್ತಾಳೆ. ಪೆಟ್ರೋಲಿನಲ್ಲಿ ಪಾರ್ಟು ತೊಳೆಯಬೇಡ, ಡೀಸೆಲ್ ಸಾಕು, ಅದೂ ಬಯಲಿನಲ್ಲಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಆ ಧೂಳನ್ನು ಬಾಯಲ್ಲಿ ಊದುವುದು, ಏರ್ ಹೊಡೆಯುವುದು ಎರಡೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಕವರಿನಲ್ಲಿ ಕಟ್ಟಿ ಎಸೆ. ಸ್ಪ್ರೇ ಪೇಂಟನ್ನಂತೂ ಮನೆಯಲ್ಲಿ ಮಾಡಲೇಬೇಡ. ಈಗಿನ ಹಾರ್ಡನರ್ ಬೆರೆಸುವ ಬಣ್ಣಗಳು ಶ್ವಾಸಕೋಶಕ್ಕೆ ಕೆಟ್ಟವು, ಬೂತ್ ಇರುವ ಪೇಂಟರ್ ಹತ್ತಿರವೇ ಕೊಡು. ಟ್ಯಾಂಕಿನ ಮೇಲಿನ ಗೆರೆಗಳನ್ನು ಸ್ಟಿಕ್ಕರಿನಲ್ಲಿ ಹಾಕಿಸದೆ ಕುಂಚದಲ್ಲಿ ಎಳೆಯಬಲ್ಲವನನ್ನು ಹುಡುಕು. ಅಂಥವರು ಈಗ ಕಡಿಮೆ, ಸಿಕ್ಕಿದರೆ ಕೇಳಿದಷ್ಟು ಕೊಡು.

ಫ್ರೇಮು ಬಣ್ಣಕ್ಕೆ ಹೋಗುವ ದಿನ ನೀನೇ ಜೊತೆಯಲ್ಲಿ ಹೋಗು. ಚಾಸಿ ನಂಬರಿನ ಮೇಲೆ ಗ್ರೈಂಡರ್ ತಾಗಬಾರದು, ದಪ್ಪ ಕೋಟಿಂಗೂ ಕೂರಬಾರದು. ಆರ್‌ಟಿಓದಲ್ಲಿ ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುತ್ತಾರೆ. ನಂಬರು ಮೂಡಲಿಲ್ಲವೆಂದರೆ ನಿನ್ನ ಶ್ರಮವೆಲ್ಲ ನೀರಿಗೆ. ರಿಜಿಸ್ಟ್ರೇಷನ್ನಿನ ಮೊದಲ 15 ವರ್ಷ ಎಂದೋ ಮುಗಿದಿದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗಾಡಿಗೆ 50 ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಹಾಗೆ ಮಾಡಿದರೆ ದಿನನಿತ್ಯ ಆಫೀಸಿಗೆ ಓಡಿಸುವಂತಿಲ್ಲ. ನೀನು ಓಡಿಸಬೇಕೆಂಬುದೇ ನನ್ನ ಆಸೆ, ಆದ್ದರಿಂದ ಹಳೆಯ ನಂಬರನ್ನೇ ನವೀಕರಿಸಿಕೊ.

ಇನ್ನೊಂದು ವಿಷಯ, ಇದನ್ನು ಮುಂದೂಡಬೇಡ. ಕಾರ್ಖಾನೆ ಮುಚ್ಚಿದಾಗ ಮೂವತ್ತರಲ್ಲಿದ್ದ ಕೆಲಸಗಾರರಿಗೆ ಈಗ ಅರವತ್ತರ ಆಸುಪಾಸು. ನಿನ್ನ ಊರು ಮೈಸೂರಿನಲ್ಲೇ ಇರುತ್ತಾರೆ. ವಿಚಾರಿಸಿ ಹೋಗು, ಕಾಲಿಗೆ ನಮಸ್ಕಾರ ಮಾಡಿ ಕೇಳು. ಕ್ಲಚ್ ಪ್ಲೇಟಿನ ಕಾರ್ಕ್ ಎಷ್ಟು ಹೊತ್ತು ಎಣ್ಣೆಯಲ್ಲಿ ನೆನೆಯಬೇಕು, ಗೇರ್ ಬಾಕ್ಸಿನ ಶಿಮ್ ಎಷ್ಟು ಸಡಿಲವಿರಬೇಕು ಎಂಬುದನ್ನು ಅವರು ಬೆರಳಿನಿಂದ ಮುಟ್ಟಿ ತೋರಿಸುತ್ತಾರೆ. ಯಾವ ಮ್ಯಾನ್ಯುಯಲ್ಲಿನಲ್ಲೂ ಅದು ಹಾಗೆ ಸಿಗುವುದಿಲ್ಲ. ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೋ, ವಿಡಿಯೋ ಕೂಡ ಮಾಡಿಕೋ. ಇನ್ನು ಹತ್ತು ವರ್ಷಕ್ಕೆ ಕೇಳೋಣವೆಂದರೆ ಹೇಳುವವರು ಇರುವುದಿಲ್ಲ.

ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಬೇಕಾಗಿ ಬಂದರೆ, ಆಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಗಾಡಿಯನ್ನು ಹಿಂಡಬೇಡ. ಮುಕ್ಕಾಲು ಆಕ್ಸಿಲರೇಟರ್ ಕೊಡಬೇಡ, ಹಿಂದೆ ಯಾರನ್ನೂ ಕೂರಿಸಬೇಡ, ಆಗಾಗ ನಿಲ್ಲಿಸಿ ಎಂಜಿನ್ ಆರಲು ಬಿಡು. ಎಡಗೈ ಬೆರಳು ಸದಾ ಕ್ಲಚ್ ಮೇಲಿರಲಿ, ಎಳೆತ ಇದ್ದಕ್ಕಿದ್ದಂತೆ ಬಿದ್ದರೆ ತಕ್ಷಣ ಹಿಡಿ. ಮೊದಲ ಸವಾರಿಗೆ ನಂಜನಗೂಡಿನ ಸಪಾಟು ರಸ್ತೆ ಸಾಕು. ಚಾಮುಂಡಿ ಬೆಟ್ಟಕ್ಕೆ ಆತುರ ಬೇಡ, ಪಿಸ್ಟನ್ ಪಳಗಿದ ಮೇಲೆ ಭಾವನವರನ್ನು ಹಿಂದೆ ಕೂರಿಸಿಕೊಂಡು ಹತ್ತು.