ಯಂತ್ರದೊಂದಿಗೆ ಬರುವ ತಂತ್ರಾಂಶ: ಹೊರಗಿನವರಿಗೆ ಬಾಗಿಲು ಎಷ್ಟು ತೆರೆಯಬೇಕು?

ಗಣಕಯಂತ್ರವನ್ನು ಕೊಳ್ಳುವವರಿಗೆ ಅದರೊಂದಿಗೆ ಕೆಲವು ತಂತ್ರಾಂಶಗಳೂ ದೊರೆಯುತ್ತವೆ. ಮಿಂಚಂಚೆ ನೋಡಲು, ಅಂತರಜಾಲವನ್ನು ಬಳಸಲು, ಚಿತ್ರಗಳನ್ನು ಜೋಡಿಸಿಡಲು ನೆರವಾಗುವ ಇವುಗಳಿಗೆ ಪ್ರತ್ಯೇಕ ಬೆಲೆ ತೆರಬೇಕಿಲ್ಲ. ಈ ತಂತ್ರಾಂಶಗಳಿಗೆ ಹೊಸ ಸೌಲಭ್ಯ ಸೇರಿಸಲು ಅಥವಾ ಅವುಗಳ ಜೊತೆಯಲ್ಲೇ ತಮ್ಮ ತಂತ್ರಾಂಶವನ್ನು ಮಾರಲು ಹೊರಗಿನ ತಯಾರಕರಿಗೆ ಕಂಪನಿಯು ಅವಕಾಶ ನೀಡಬೇಕೆ? ಮೇಲ್ನೋಟಕ್ಕೆ ಇದು ಗಣಕ ಉದ್ದಿಮೆಯ ಪ್ರಶ್ನೆ. ಆದರೆ ದೊಡ್ಡ ಕಾರ್ಖಾನೆಯೊಂದಕ್ಕೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳ ಅಳಿವು ಉಳಿವಿಗೂ ಇದರೊಂದಿಗೆ ಹತ್ತಿರದ ಸಂಬಂಧವಿದೆ. ಆದ್ದರಿಂದ ನಡೆದ ಕೆಲವು ಸಂಗತಿಗಳ ಆಧಾರದಿಂದ ಇದನ್ನು ಪರಿಶೀಲಿಸೋಣ.

ಐಬಿಎಂ ಅನುಭವ

1960ರ ದಶಕದಲ್ಲಿ ಐಬಿಎಂ ಕಂಪನಿಯ ಗಣಕವನ್ನು ಬಾಡಿಗೆಗೆ ಪಡೆದವರಿಗೆ ತಂತ್ರಾಂಶವೂ ತಂತ್ರಜ್ಞರ ಸೇವೆಯೂ ಅದರೊಳಗೇ ಸೇರಿ ಬರುತ್ತಿದ್ದವು. ಯಾವುದು ಪುಕ್ಕಟೆಯಾಗಿ ದೊರೆಯುತ್ತದೋ ಅದನ್ನು ಬೇರೊಬ್ಬರು ಬೆಲೆಗೆ ಮಾರುವುದು ಕಷ್ಟ. 1969ರ ಜನವರಿಯಲ್ಲಿ ಅಮೆರಿಕದ ಸರ್ಕಾರವು ಏಕಸ್ವಾಮ್ಯದ ವಿರುದ್ಧ ಮೊಕದ್ದಮೆ ಹೂಡಿತು. ಅದೇ ವರ್ಷದ ಜೂನ್‌ನಲ್ಲಿ ಕಂಪನಿಯು ಹಲವು ತಂತ್ರಾಂಶಗಳಿಗೂ ಸೇವೆಗಳಿಗೂ ಪ್ರತ್ಯೇಕ ಬೆಲೆ ವಿಧಿಸುವುದಾಗಿ ಪ್ರಕಟಿಸಿತು. ಸ್ವತಂತ್ರ ತಂತ್ರಾಂಶ ಉದ್ದಿಮೆ ಬೆಳೆಯಲು ಇದು ದೊಡ್ಡ ಇಂಬು ನೀಡಿತು.

1981ರಲ್ಲಿ ತನ್ನ ಪರ್ಸನಲ್ ಕಂಪ್ಯೂಟರ್ ಹೊರತಂದಾಗ ಐಬಿಎಂ ಇನ್ನೂ ಮುಂದೆ ಹೋಯಿತು. ಯಂತ್ರದ ವಿದ್ಯುತ್ ನಕ್ಷೆಗಳನ್ನು ತಾಂತ್ರಿಕ ಕೈಪಿಡಿಯಲ್ಲಿ ಮುದ್ರಿಸಿ ಮಾರಿತು. ನೂರಾರು ಸಣ್ಣ ಕಂಪನಿಗಳು ಅದಕ್ಕೆ ಬಿಡಿಭಾಗ ಹಾಗೂ ತಂತ್ರಾಂಶಗಳನ್ನು ಸಿದ್ಧಪಡಿಸಿದವು. ಯಂತ್ರವು ಜಗತ್ತಿನ ಮಾದರಿಯಾಯಿತು. ಆದರೆ ಅದರ ಸಂಸ್ಕಾರಕ ಇಂಟೆಲ್‌ನದು, ಕಾರ್ಯಾಚರಣೆಯ ತಂತ್ರಾಂಶ ಮೈಕ್ರೋಸಾಫ್ಟ್‌ನದು. ಎರಡನ್ನೂ ಇತರ ತಯಾರಕರೂ ಕೊಳ್ಳಬಹುದಾಗಿತ್ತು. ಕಾಂಪ್ಯಾಕ್ ಮೊದಲಾದ ಕಂಪನಿಗಳು ಅದೇ ಬಗೆಯ ಯಂತ್ರಗಳನ್ನು ಮಾರುಕಟ್ಟೆಗೆ ತಂದವು. 2005ರಲ್ಲಿ ಐಬಿಎಂ ಈ ವಿಭಾಗವನ್ನೇ ಲೆನೊವೊ ಕಂಪನಿಗೆ ಮಾರಿತು. ಬಾಗಿಲು ತೆರೆದದ್ದಷ್ಟೇ ಈ ನಷ್ಟಕ್ಕೆ ಕಾರಣವಲ್ಲ. ಉತ್ಪನ್ನದ ತಿರುಳು ತನ್ನ ಕೈಯಲ್ಲಿಲ್ಲದಿರುವಾಗ ಬಾಗಿಲು ತೆರೆದದ್ದು ಕಾರಣ.

ಆಪಲ್‌ನ ನಡು ಹಾದಿ

2007ರ ಜೂನ್‌ನಲ್ಲಿ ಐಫೋನ್ ಮಾರಾಟಕ್ಕೆ ಬಂದಾಗ ಅದರಲ್ಲಿ ಆಪಲ್ ಕಂಪನಿಯೇ ಅಳವಡಿಸಿದ್ದ ತಂತ್ರಾಂಶಗಳು ಮಾತ್ರ ಇದ್ದವು. ಹೊರಗಿನವರು ಜಾಲತಾಣದ ರೂಪದಲ್ಲಷ್ಟೇ ಸೇವೆ ಒದಗಿಸಬಹುದಾಗಿತ್ತು. ನಾಲ್ಕೇ ತಿಂಗಳಲ್ಲಿ, ಅಂದರೆ ಅಕ್ಟೋಬರ್‌ನಲ್ಲಿ, ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಈ ಧೋರಣೆ ಬದಲಾಗುವುದೆಂದು ತಿಳಿಸಿದರು. ವೈರಸ್‌ಗಳಿಂದ ಬಳಕೆದಾರರನ್ನು ರಕ್ಷಿಸುತ್ತಲೇ ಹೊರಗಿನವರಿಗೆ ಅವಕಾಶ ಕೊಡಬೇಕಾದುದರಿಂದ ಕಾಲಾವಕಾಶ ಬೇಕೆಂದೂ ಹೇಳಿದರು. 2008ರ ಜುಲೈನಲ್ಲಿ ಆಪ್ ಸ್ಟೋರ್ ಸುಮಾರು 500 ತಂತ್ರಾಂಶಗಳೊಂದಿಗೆ ತೆರೆಯಿತು. ಮಾರಾಟದ ಹಣದಲ್ಲಿ ಶೇ. 70 ತಯಾರಕನಿಗೆ, ಶೇ. 30 ಕಂಪನಿಗೆ ಎಂದು ನಿಗದಿಯಾಯಿತು. ಮೊದಲ ವಾರಾಂತ್ಯದಲ್ಲೇ ಒಂದು ಕೋಟಿ ಬಾರಿ ತಂತ್ರಾಂಶಗಳು ಇಳಿಸಿಕೊಳ್ಳಲ್ಪಟ್ಟವು.

ಇಲ್ಲಿ ಗಮನಿಸಬೇಕಾದುದು ಇಷ್ಟು: ಆಪಲ್ ತನ್ನ ಯಂತ್ರದ ನಕ್ಷೆಯನ್ನು ಕೊಡಲಿಲ್ಲ, ಜೋಡಣೆಯ ನಿಯಮಗಳನ್ನು ಮಾತ್ರ ಕೊಟ್ಟಿತು. ನಮ್ಮ ಕೈಗಾರಿಕೆಯ ಭಾಷೆಯಲ್ಲಿ ಹೇಳುವುದಾದರೆ, ಬೋಲ್ಟಿನ ಅಳತೆಯನ್ನು ತಿಳಿಸಿ ಎಂಜಿನ್ನಿನ ನಕ್ಷೆಯನ್ನು ಕಪಾಟಿನಲ್ಲಿಟ್ಟುಕೊಂಡಂತೆ. ಗಣಕ ತಯಾರಿಸುವ ಕಂಪನಿಯಲ್ಲದಿದ್ದರೂ ಬೆಂಗಳೂರಿನ ಟ್ಯಾಲಿ ಸಂಸ್ಥೆ ಅನುಸರಿಸಿದ್ದು ಇದೇ ಬಗೆಯ ಕ್ರಮ. ಲೆಕ್ಕಪತ್ರ ತಂತ್ರಾಂಶದ ಒಡಲನ್ನು ತನ್ನಲ್ಲೇ ಇಟ್ಟುಕೊಂಡು, ಟಿಡಿಎಲ್ ಎಂಬ ಭಾಷೆಯ ಮೂಲಕ ಬಿಲ್ಲಿನ ನಮೂನೆ, ವರದಿ ಮುಂತಾದವನ್ನು ಆಯಾ ವ್ಯಾಪಾರಕ್ಕೆ ತಕ್ಕಂತೆ ಮಾರ್ಪಡಿಸಲು ಅದು ಹೊರಗಿನವರಿಗೆ ಅನುವು ಮಾಡಿಕೊಟ್ಟಿದೆ.

ಹೊರಗಿನವನ ಅಪಾಯ

ಬಾಗಿಲು ತೆರೆದವನೇ ಅದನ್ನು ಮುಚ್ಚಲೂ ಬಲ್ಲನು. 2002ರಲ್ಲಿ ಆಪಲ್ ತನ್ನ ಗಣಕಗಳೊಂದಿಗೆ ನೀಡುತ್ತಿದ್ದ ಶೆರ್ಲಾಕ್ ಎಂಬ ತಂತ್ರಾಂಶದ ಹೊಸ ಆವೃತ್ತಿಯನ್ನು ತಂದಿತು. ಕರೇಲಿಯಾ ಎಂಬ ಸಣ್ಣ ಕಂಪನಿಯು ಮಾರುತ್ತಿದ್ದ ವಾಟ್ಸನ್ ತಂತ್ರಾಂಶದ ಕೆಲಸಗಳನ್ನು ಬಹುಮಟ್ಟಿಗೆ ಅದು ಪುಕ್ಕಟೆಯಾಗಿ ಮಾಡುತ್ತಿತ್ತು. 2008ರಲ್ಲಿ ಪಾಡ್‌ಕ್ಯಾಸ್ಟರ್ ಎಂಬ ತಂತ್ರಾಂಶವನ್ನು, ತನ್ನ ಐಟ್ಯೂನ್ಸ್ ಮಾಡುವ ಕೆಲಸವನ್ನೇ ಮಾಡುತ್ತದೆಂಬ ಕಾರಣ ನೀಡಿ ಆಪಲ್ ತಿರಸ್ಕರಿಸಿತು. ಶ್ರಮಪಟ್ಟು ಸರಕು ತಯಾರಿಸಿದ ಮೇಲೆ ಖರೀದಿ ನಿಯಮ ಹೇಳಿದಂತಾಯಿತು ಇದು.

ಇಂತಹ ದೂರುಗಳು ಕಾಲಕ್ರಮದಲ್ಲಿ ಹೆಚ್ಚಿದವು. 2021ರಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಗಳಿಸುವ ತಯಾರಕರಿಗೆ ಆಪಲ್ ತನ್ನ ಪಾಲನ್ನು ಶೇ. 15ಕ್ಕೆ ಇಳಿಸಿತು. 2024ರಲ್ಲಿ ಐರೋಪ್ಯ ಒಕ್ಕೂಟದ ಕಾನೂನಿಗೆ ಅನುಸಾರವಾಗಿ ಅಲ್ಲಿ ಬೇರೆಯವರ ಮಳಿಗೆಗಳಿಗೂ ಅವಕಾಶ ನೀಡಬೇಕಾಯಿತು. ತಾನಾಗಿ ನ್ಯಾಯದ ನಿಯಮ ರೂಪಿಸದಿದ್ದರೆ ಸರ್ಕಾರವೇ ಅದನ್ನು ರೂಪಿಸುತ್ತದೆ ಎಂಬುದು 1969ರಂತೆ ಇಲ್ಲಿಯೂ ಕಂಡುಬರುತ್ತದೆ.

ನಾವು ಗ್ರಹಿಸಬೇಕಾದುದು

ಮೇಲಿನ ಸಂಗತಿಗಳಿಂದ ಹೊರಡುವ ಉತ್ತರ ಹೀಗಿದೆ: ಕಂಪನಿಯು ಬಾಗಿಲು ತೆರೆಯುವುದೇ ಲೇಸು. ಗ್ರಾಹಕರ ಬಗೆಬಗೆಯ ಅಗತ್ಯಗಳನ್ನು ಒಂದೇ ಕಂಪನಿ ಪೂರೈಸಲಾರದು. ಆದರೆ ತಿರುಳನ್ನು ತನ್ನಲ್ಲಿ ಉಳಿಸಿಕೊಂಡು, ಜೋಡಣೆಯ ನಿಯಮಗಳನ್ನು ಮೊದಲೇ ಬರೆದು ಪ್ರಕಟಿಸಿ, ಬದಲಾವಣೆಗೆ ಸಾಕಷ್ಟು ಮುನ್ಸೂಚನೆ ನೀಡಬೇಕು.

ಒಬ್ಬನೇ ದೊಡ್ಡ ಗಿರಾಕಿಯನ್ನು ನೆಚ್ಚಿರುವ ಸಣ್ಣ ಉದ್ದಿಮೆದಾರರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಒಪ್ಪಂದದ ನಿಯಮಗಳು ಲಿಖಿತವಾಗಿವೆಯೆ? ನಾವು ತಯಾರಿಸುವುದನ್ನು ಗಿರಾಕಿಯೇ ನಾಳೆ ತಯಾರಿಸಿದರೆ ನಮ್ಮಲ್ಲಿ ಉಳಿಯುವುದೇನು? ಅದೇ ಅಚ್ಚು, ಅದೇ ಕೌಶಲದಿಂದ ಮತ್ತೊಬ್ಬ ಗಿರಾಕಿಗೆ ಸರಕು ಒದಗಿಸಬಲ್ಲೆವೆ? ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆತ ನಂತರವೇ ಹೊಸ ಯಂತ್ರಕ್ಕೆ ಸಾಲ ಮಾಡುವುದು ಕ್ಷೇಮ.