ಜಪಾನಿ ಭಾಷೆಗೆ ಕನ್ನಡವೇ ಹತ್ತಿರದ ದಾರಿ

ಜಪಾನಿ ಪಾಠಕ್ಕೆ ಸೇರಿಕೊಂಡೆ ಅಂದೆಯಲ್ಲ ಮಗಳೇ, ಸಂತೋಷ. ಒಂದು ಮಾತು ಕೇಳು. ನಿನ್ನ ಪುಸ್ತಕ ಇಂಗ್ಲಿಷಿನಲ್ಲೇ ಇರಲಿ, ನೀನು ಮಾತ್ರ ಕನ್ನಡದಲ್ಲಿ ಅರ್ಥ ಮಾಡಿಕೋ. ಇಂಗ್ಲಿಷಿನ ಮೂಲಕ ಹೋದರೆ ಪ್ರತಿ ವಾಕ್ಯವನ್ನೂ ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ನಿಲ್ಲಿಸಬೇಕಾಗುತ್ತದೆ. "ಕಿನೋ ಕತ್ತ ಹೊನ್ ಒ ತೊಮೊದಚಿ ನಿ ಅಗೆಮಶಿತ": ನಿನ್ನೆ ಕೊಂಡ ಪುಸ್ತಕವನ್ನು ಗೆಳತಿಗೆ ಕೊಟ್ಟೆ. ಒಂದು ಪದವೂ ಜಾಗ ಬದಲಿಸಲಿಲ್ಲ, ನೋಡು. "ಒ" ನಮ್ಮ "ಅನ್ನು", "ನಿ" ನಮ್ಮ "ಗೆ", "ಕರ" ನಮ್ಮ "ಇಂದ", "ಮದೆ" ನಮ್ಮ "ವರೆಗೆ".

ಎಲ್ಲರೂ ಹೆದರುವುದು ಕ್ರಿಯಾಪದದ "ತೆ" ರೂಪಕ್ಕೆ. ನೊಮು ನೊಂದೆ, ಕಕು ಕೈತೆ, ಮತ್ಸು ಮತ್ತೆ, ಹನಸು ಹನಶಿತೆ ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಲೇಬೇಕು, ಅದಕ್ಕೆ ಒಳದಾರಿ ಇಲ್ಲ. ಆದರೆ ಅದನ್ನು ಬಳಸುವ ಬಗೆ ನಿನಗೆ ಹುಟ್ಟಿನಿಂದ ಗೊತ್ತು. ಕುಡಿದು, ಬರೆದು, ಕಾದು, ಮಾತಾಡಿ, ಅಷ್ಟೇ. "ತಬೆತೆ ಮಿರು" ಅಂದರೆ ತಿಂದು ನೋಡುವುದು, "ತಬೆತೆ ಶಿಮತ್ತ" ಅಂದರೆ ತಿಂದುಬಿಟ್ಟೆ. ಬೆಳಿಗ್ಗೆ ಮನೆಯಿಂದ ಹೊರಡುವವರು ಹೇಳುವ "ಇತ್ತೆಕಿಮಸ್" ಕೂಡ ನಮ್ಮ "ಹೋಗಿ ಬರ್ತೀನಿ"ಯೇ. ಇಂಗ್ಲಿಷಿನ ಪುಸ್ತಕಗಳು ಇವುಗಳಿಗೆ ಪುಟಗಟ್ಟಲೆ ವಿವರಣೆ ಕೊಡುತ್ತವೆ; ನಿನಗೆ ಅದು ಬೇಡ.

"ಗ" ಎಂಬ ಪ್ರತ್ಯಯ ಎಲ್ಲಿ ಬರುತ್ತದೆ ಎಂಬ ಗೊಂದಲವೂ ಅರ್ಧ ಕಡಿಮೆಯಾಗುತ್ತದೆ. ನನಗೆ ನೀರು ಬೇಕು, ನನಗೆ ಜಪಾನಿ ಬರುತ್ತದೆ, ನನಗೆ ಅರ್ಥವಾಗುತ್ತದೆ, ನನಗೆ ಮೀನು ಇಷ್ಟ. ಇಲ್ಲೆಲ್ಲ ನಾವು "ಅನ್ನು" ಹಚ್ಚುವುದಿಲ್ಲ. ಹೊಶೀ, ದೆಕಿರು, ವಕರು, ಸುಕಿ ಎಂಬ ಪದಗಳ ಜೊತೆ ಅವರೂ ಸಾಮಾನ್ಯವಾಗಿ "ಒ" ಬಿಟ್ಟು "ಗ" ಹಾಕುತ್ತಾರೆ. "ವ" ಎಂಬ ಇನ್ನೊಂದು ಪ್ರತ್ಯಯಕ್ಕೂ "ಗ"ಗೂ ಇರುವ ಉಳಿದ ಭೇದ ನಿಧಾನವಾಗಿ, ಕೇಳಿ ಕೇಳಿ ಬರುತ್ತದೆ.

ಕನ್ನಡ ದಾರಿ ತಪ್ಪಿಸುವ ಜಾಗವೂ ಇದೆ, ಅಲ್ಲಿ ತುಂಬಾ ಎಚ್ಚರ ಬೇಕು. ಅಣ್ಣ, ತಮ್ಮ, ಅಕ್ಕ, ತಂಗಿಗೆ ನಮ್ಮಂತೆ ಅವರಿಗೂ ಬೇರೆ ಬೇರೆ ಪದಗಳಿವೆ: ಅನಿ, ಒತೋತೊ, ಅನೆ, ಇಮೋತೊ. ಆದರೆ ನಾವು ಯಾರ ಮುಂದೆಯೂ "ನಮ್ಮ ಅಮ್ಮ ಬಂದಿದ್ದಾರೆ" ಎಂದು ಗೌರವದಿಂದಲೇ ಹೇಳುತ್ತೇವೆ. ಅಲ್ಲಿ ಹೊರಗಿನವರ ಮುಂದೆ ನಿನ್ನ ತಾಯಿ ಬರೀ "ಹಹ", ಅವರ ತಾಯಿ "ಒಕಾಸನ್". ಕಚೇರಿಯಲ್ಲೂ ಹಾಗೆಯೇ. ಹೊರಗಿನ ಗ್ರಾಹಕರು ಫೋನಿನಲ್ಲಿ ನಿನ್ನ ಮ್ಯಾನೇಜರನ್ನು ಕೇಳಿದರೆ, ಅವರ ಹೆಸರಿಗೆ "ಸನ್" ಸೇರಿಸಬೇಡ. ನಮ್ಮ ನಾಲಿಗೆ ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಹಿರಿಯರಿಗೆ ಮರ್ಯಾದೆ ತಪ್ಪಿತೇನೋ ಅನ್ನಿಸುತ್ತದೆ. ಅವರ ಲೆಕ್ಕದಲ್ಲಿ ಎದುರಿಗಿರುವವರಿಗೆ ಸಲ್ಲುವ ಮರ್ಯಾದೆ ಅದು.

ಎಣಿಕೆಯಲ್ಲಿ ನಾವು ಜನರಿಗೆ ಒಬ್ಬ, ಇಬ್ಬರು ಅಂದಹಾಗೆ ಅವರು ಹಿತೊರಿ, ಫುತರಿ ಅನ್ನುತ್ತಾರೆ. ಆದರೆ ಅವರು ಕಾಗದಕ್ಕೆ ಒಂದು ಎಣಿಕೆ, ಪೆನ್ನಿಗೆ ಇನ್ನೊಂದು, ಪುಸ್ತಕಕ್ಕೆ ಮತ್ತೊಂದು ಬಳಸುತ್ತಾರೆ. ಅಂಗಡಿಯಲ್ಲಿ ನಿಂತು ಕೇಳುವ ವಸ್ತುಗಳಿಂದ ಶುರುಮಾಡು.

ಲಿಪಿಯ ವಿಷಯದಲ್ಲಿ ಮಾತ್ರ ಕನ್ನಡವನ್ನು ಬೇಗ ಬಿಡು. ಹಿರಗನ 46, ಕತಕನ 46. ಅವುಗಳ ಅ-ಕ-ಸ-ತ-ನ ಸಾಲು ಬೌದ್ಧ ಭಿಕ್ಷುಗಳ ಮೂಲಕ ಹೋದ ಸಂಸ್ಕೃತ ವರ್ಣಮಾಲೆಯ ಪ್ರಭಾವದಿಂದ ಬಂದದ್ದು, ನಿನಗೆ ಪರಕೀಯ ಅನ್ನಿಸದು. ಹ್ರಸ್ವ, ದೀರ್ಘ, ಒತ್ತಿನ ಭೇದವೂ ನಿನ್ನ ಕಿವಿಗೆ ಗೊತ್ತು: ಒಬಸನ್ ಅತ್ತೆ, ಒಬಾಸನ್ ಅಜ್ಜಿ, ಕಿತೆ ಬಂದು, ಕಿತ್ತೆ ಅಂಚೆಚೀಟಿ. ಆದರೂ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾ ಹೋದರೆ ಕಣ್ಣು ಪಳಗುವುದಿಲ್ಲ. ಕಾಂಜಿ 2010ರ ಸರ್ಕಾರಿ ಪಟ್ಟಿಯಲ್ಲಿ 2136 ಇವೆ. ಆ ಸಂಖ್ಯೆ ನೋಡಿ ಕಂಗೆಡಬೇಡ. ಬಿಡಿ ಅಕ್ಷರವಾಗಿ ಅಲ್ಲ, ನಿತ್ಯ ಬಳಸುವ ಪದಗಳ ಒಳಗೇ ಕಲಿ.

ಜಪಾನಿ ಭಾಷೆಯ ಆರಂಭದ ಹಂತದ ಎನ್-5 ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ, ಬರೆ. ಅದರಲ್ಲಿ ಮಾತಾಡುವ ಭಾಗ ಇಲ್ಲ, ಗುರುತು ಹಾಕುವ ಉತ್ತರಗಳಷ್ಟೇ. ಹಾಗಾಗಿ ಪಾಸಾದವರೂ ಬಾಯಿ ಬಿಡಲು ತಡವರಿಸುತ್ತಾರೆ. ಬಿಡದಿಯ ಕಾರ್ಖಾನೆಗಳಿಗೆ ಜಪಾನಿ ಎಂಜಿನಿಯರುಗಳು ಬಂದುಹೋಗುತ್ತಾರೆ, ನಿನ್ನ ಕೆಲಸವೂ ಅಲ್ಲೇ. ಈ ವಾರವೇ ಕ್ಯಾಂಟೀನಿನಲ್ಲಿ ಅವರ ಪಕ್ಕ ಕೂತು, ಇವತ್ತಿನ ಸಾರು ಖಾರ ಇದೆಯಾ ಎಂದು ಜಪಾನಿಯಲ್ಲೇ ಕೇಳು.